ಪತ್ತೇದಾರಿಣಿಯರ ಕಥಾಸರಣಿ: ಒಂದೂವರೆ ಶತಮಾನದ ಚರಿತ್ರೆ

ಹೆಂಗಸೊಬ್ಬಳು ಪತ್ತೇದಾರಿಕೆಯನ್ನೇ ಕಸುಬಾಗಿ ಹಿಡಿದ ಕಥೆಗಳ ಎರಡು ಪುಸ್ತಕಗಳು 1864ರಲ್ಲಿ, ಒಂದರ ಬೆನ್ನಿಗೊಂದು, ಲಂಡನ್ನಿನಲ್ಲಿ ಅಚ್ಚಾದವು. ಮೊದಲನೆಯದು ‘ದಿ ಫೀಮೇಲ್ ಡಿಟೆಕ್ಟಿವ್’. ಆಂಡ್ರ್ಯೂ ಫಾರೆಸ್ಟರ್ ಎಂಬ ಹುಸಿಹೆಸರಿನಲ್ಲಿ ಅದನ್ನು ಬರೆದವರು ಜೇಮ್ಸ್ ರೆಡಿಂಗ್ ವೇರ್. ಎರಡನೆಯದು ‘ರೆವೆಲೇಷನ್ಸ್ ಆಫ್ ಎ ಲೇಡಿ ಡಿಟೆಕ್ಟಿವ್’. ಅದರ ಮೇಲೆ ಲೇಖಕರ ಹೆಸರೇ ಇರಲಿಲ್ಲ. ವಿಲಿಯಂ ಸ್ಟೀಫನ್ಸ್ ಹೇವರ್ಡ್ ಬರೆದದ್ದೆಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಇದರ ನಾಯಕಿ ಮಿಸೆಸ್ ಪ್ಯಾಸ್ಕಲ್ ಒಬ್ಬ ವಿಧವೆ. ಗಂಡ ತೀರಿಕೊಂಡು ಕೈ ಬರಿದಾದಾಗ ಪೊಲೀಸರ ಪರವಾಗಿ ಗುಟ್ಟಿನ ಕೆಲಸಕ್ಕೆ ಒಪ್ಪಿಕೊಂಡವಳು. ಒಂದು ಕಥೆಯಲ್ಲಿ ಆಕೆ ನೆಲದ ಕಿಂಡಿಯೊಂದರ ಮೂಲಕ ಕತ್ತಲಿಗೆ ಇಳಿಯಬೇಕಾಗುತ್ತದೆ. ಆ ಕಾಲದ ಹೆಂಗಸರು ಲಂಗ ಉಬ್ಬಿ ನಿಲ್ಲಲೆಂದು ಒಳಗೆ ತೊಡುತ್ತಿದ್ದ ಬಳೆಗಳ ಪಂಜರ, ಅಂದರೆ ಕ್ರಿನೊಲಿನ್, ಅಡ್ಡ ಬರುತ್ತದೆ. ಮಿಸೆಸ್ ಪ್ಯಾಸ್ಕಲ್ ಅದನ್ನು ಕಳಚಿಟ್ಟು ಕೆಳಗಿಳಿಯುತ್ತಾಳೆ. ಈ ಕಥಾಪ್ರಕಾರಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಇಂಥ ಹೆಂಗಸು ಆಗ ಬ್ರಿಟನ್ನಿನಲ್ಲಿ ಕಥೆಯಲ್ಲಷ್ಟೇ ಸಾಧ್ಯವಿತ್ತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಹುಟ್ಟಿದ್ದು 1829ರಲ್ಲಿ, ಅದರ ಪತ್ತೇದಾರಿ ಶಾಖೆ 1842ರಲ್ಲಿ. ಮಹಿಳೆಯರು ಗಸ್ತಿಗೆ ಇಳಿದದ್ದು 1919ರಲ್ಲಿ, ಅದೂ ಬಂಧಿಸುವ ಅಧಿಕಾರವಿಲ್ಲದೆ. ಆ ಅಧಿಕಾರ ಸಿಕ್ಕಿದ್ದು 1923ರಲ್ಲಿ. ಹೀಗೆ ಕಥೆ ವಾಸ್ತವಕ್ಕಿಂತ ಅರ್ಧ ಶತಮಾನ ಮುಂದೆ ನಡೆದಿತ್ತು.

ಅಮೆರಿಕದಲ್ಲಿ ಮಾತ್ರ ವಾಸ್ತವವೇ ಮುಂದಿತ್ತು. 1856ರಲ್ಲಿ ಕೇಟ್ ವಾರ್ನ್ ಎಂಬ ಎಳೆವಯಸ್ಸಿನ ವಿಧವೆ ಷಿಕಾಗೊದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಗೆ ಹೋಗಿ ಕೆಲಸ ಕೇಳಿದರು. ಕಾರಕೂನಿಕೆ ಬೇಕಿತ್ತೇನೋ ಎಂದುಕೊಂಡ ಆಲನ್ ಪಿಂಕರ್ಟನ್ ಅವರಿಗೆ, ತನಗೆ ಬೇಕಾದದ್ದು ಪತ್ತೇದಾರಿಕೆ ಎಂದು ಹೇಳಿದರು. ಗಂಡಸಿಗೆ ಪ್ರವೇಶವಿಲ್ಲದ ಕಡೆ ಹೆಂಗಸು ಹೋಗಬಲ್ಲಳು, ಗಂಡಸಿಗೆ ಯಾರೂ ಹೇಳದ್ದನ್ನು ಹೆಂಗಸಿಗೆ ಹೇಳುತ್ತಾರೆ ಎಂಬುದು ಅವರ ವಾದ. ಪಿಂಕರ್ಟನ್ ಒಪ್ಪಿದರು. 1861ರ ಫೆಬ್ರುವರಿಯಲ್ಲಿ ಅಧ್ಯಕ್ಷ ಪದವಿಗೆ ಆಯ್ಕೆಯಾಗಿದ್ದ ಅಬ್ರಹಾಂ ಲಿಂಕನ್ ಅವರನ್ನು ಬಾಲ್ಟಿಮೋರಿನಲ್ಲಿ ಕೊಲ್ಲುವ ಸಂಚಿನ ಸುಳಿವು ಸಿಕ್ಕಾಗ, ಅವರನ್ನು ರಾತ್ರಿ ರೈಲಿನಲ್ಲಿ ಗುಟ್ಟಾಗಿ ವಾಷಿಂಗ್ಟನ್ನಿಗೆ ತಲುಪಿಸಿದ ತಂಡದಲ್ಲಿ ವಾರ್ನ್ ಇದ್ದರು. ಲಿಂಕನ್ ಆ ರಾತ್ರಿ ಅವರ ಕಾಯಿಲೆಯ ಅಣ್ಣನ ವೇಷದಲ್ಲಿದ್ದರು. ಗಂಡಸಿಗೆ ಮುಚ್ಚಿದ ಬಾಗಿಲು ಹೆಂಗಸಿಗೆ ತೆರೆದಿರುತ್ತದೆ ಎಂಬ ವಾರ್ನ್ ಅವರ ವಾದವೇ ಮುಂದೆ ಬಂದ ಪತ್ತೇದಾರಿಣಿಯರೆಲ್ಲರ ಬಂಡವಾಳವಾಯಿತು.

1891ರಲ್ಲಿ ‘ದಿ ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸ್ ಸಣ್ಣಕಥೆಗಳು ಬರತೊಡಗಿದ ಮೇಲೆ ಉಳಿದ ಪತ್ರಿಕೆಗಳಿಗೂ ತಿಂಗಳು ತಿಂಗಳು ಮರಳಿ ಬರುವ ಪತ್ತೇದಾರ ಬೇಕಾದ. ಸರಣಿ ಎಂಬ ರೂಪ ಗಟ್ಟಿಯಾದದ್ದು ಇಲ್ಲಿಯೇ. ಒಂದೊಂದು ಕಥೆಯೂ ತನ್ನಷ್ಟಕ್ಕೆ ಮುಗಿಯಬೇಕು, ಆದರೆ ಓದುಗ ಮುಂದಿನ ತಿಂಗಳು ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಬರಬೇಕು. 1893ರಲ್ಲಿ ‘ದಿ ಲಡ್‌ಗೇಟ್ ಮಂತ್ಲಿ’ ಪತ್ರಿಕೆಯಲ್ಲಿ ಕ್ಯಾಥರೀನ್ ಲೂಯಿಸಾ ಪರ್ಕಿಸ್ ಬರೆದ ಲವ್‌ಡೇ ಬ್ರೂಕ್ ಕಥೆಗಳು ಈ ಅಚ್ಚಿನಲ್ಲಿ ಮೂಡಿದಂಥವು. ಮೂವತ್ತು ದಾಟಿದ, ನೋಡಲು ಹತ್ತರಲ್ಲಿ ಒಬ್ಬಳಂತಿರುವ ಬ್ರೂಕ್ ಲಂಡನ್ನಿನ ಪತ್ತೇದಾರಿ ಕಚೇರಿಯೊಂದರ ಸಂಬಳದ ನೌಕರಳು. ಬೇಕಾದ ವೇಷದಲ್ಲಿ ಶ್ರೀಮಂತರ ಮನೆಗೆ ಹೊಕ್ಕು ಆಳುಕಾಳುಗಳ ಮಾತು ಕೇಳಿಸಿಕೊಂಡು ಬರುತ್ತಾಳೆ. ಆಕೆಗೆ ಪ್ರೇಮವಿಲ್ಲ, ಮದುವೆಯ ಮಾತಿಲ್ಲ, ಕೆಲಸ ಮಾಡುವುದಕ್ಕೆ ಸಂಬಳದ ಹೊರತು ಬೇರೆ ಕಾರಣವೂ ಇಲ್ಲ. ಆ ಕಾಲಕ್ಕೆ ಇದು ದಿಟ್ಟ ಕಲ್ಪನೆ.

ಬೇರೆ ಲೇಖಕರಲ್ಲಿ ಈ ದಿಟ್ಟತನ ಕಾಣುವುದಿಲ್ಲ. ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಬರೆದು ಹೆಸರಾದ ಬ್ಯಾರನೆಸ್ ಆರ್ಜಿ 1910ರಲ್ಲಿ ‘ಲೇಡಿ ಮಾಲಿ ಆಫ್ ಸ್ಕಾಟ್ಲೆಂಡ್ ಯಾರ್ಡ್’ ಪ್ರಕಟಿಸಿದರು. ಲೇಡಿ ಮಾಲಿ ಜಾಣೆ, ಗಂಡಸರೆಲ್ಲ ಕೈಚೆಲ್ಲಿದ ಪ್ರಕರಣಗಳನ್ನು ಬಿಡಿಸುವವಳು. ಆದರೆ ಆಕೆ ಪೊಲೀಸ್ ಕೆಲಸಕ್ಕೆ ಸೇರಿದ್ದೇ ಜೈಲುಪಾಲಾದ ಗಂಡ ನಿರಪರಾಧಿಯೆಂದು ತೋರಿಸುವುದಕ್ಕೆ. ಗಂಡ ಬಿಡುಗಡೆಯಾದ ಕೂಡಲೇ ಕೆಲಸ ಬಿಡುತ್ತಾಳೆ, ಸರಣಿ ಅಲ್ಲಿಗೆ ಮುಗಿಯುತ್ತದೆ. ಆ ಕಾಲದ ಪತ್ತೇದಾರಿಣಿಯರಲ್ಲಿ ಅನೇಕರ ಗತಿ ಇದೇ. ಅಪ್ಪನ ಇಲ್ಲವೇ ಗಂಡನ ಮಾನ ಉಳಿಸಲು ಕೆಲಸಕ್ಕೆ ಇಳಿಯುತ್ತಾರೆ, ಮದುವೆಯ ಊಟಕ್ಕೆ ಕೆಲಸ ಮುಗಿಯುತ್ತದೆ. ಗಂಡು ಪತ್ತೇದಾರ ಎಪ್ಪತ್ತು ಕಥೆಗಳವರೆಗೆ ನಡೆದರೆ ಹೆಣ್ಣು ಪತ್ತೇದಾರಿಣಿ ಹನ್ನೆರಡಕ್ಕೆ ನಿಲ್ಲುತ್ತಿದ್ದುದಕ್ಕೆ ಮುಖ್ಯ ಕಾರಣ ಬುದ್ಧಿಯ ಕೊರತೆಯಲ್ಲ, ಮದುವೆಯ ಮುಹೂರ್ತ.

ಮದುವೆಯಾಗದ ವಯಸ್ಸಾದ ಹೆಂಗಸನ್ನೇ ನಾಯಕಿ ಮಾಡಿದರೆ ಈ ತೊಡಕು ಇಲ್ಲವಾಗುತ್ತದೆ ಎಂಬುದನ್ನು ಮೊದಲು ಕಂಡವರಲ್ಲಿ ನ್ಯೂಯಾರ್ಕಿನ ಅನಾ ಕ್ಯಾಥರೀನ್ ಗ್ರೀನ್ ಒಬ್ಬರು. 1897ರ ‘ದಟ್ ಅಫೇರ್ ನೆಕ್ಸ್ಟ್ ಡೋರ್’ ಕಾದಂಬರಿಯ ಅಮೀಲಿಯಾ ಬಟರ್‌ವರ್ತ್ ಒಳ್ಳೆಯ ಮನೆತನದ ಅವಿವಾಹಿತೆ. ಪಕ್ಕದ ಖಾಲಿ ಮನೆಗೆ ನಡುರಾತ್ರಿ ಗಾಡಿಯೊಂದು ಬಂದು ನಿಂತದ್ದನ್ನು ಕಿಟಕಿಯಿಂದ ನೋಡಿ ಮರುದಿನ ಪೊಲೀಸನನ್ನು ಕರೆತರುತ್ತಾಳೆ. ಈಕೆ ಬಂದದ್ದು ಮೂರು ಕಾದಂಬರಿಗಳಲ್ಲಿ.

ಮೊದಲ ಮಹಾಯುದ್ಧ ಈ ಕಲ್ಪನೆಗೆ ಸಾಮಾಜಿಕ ನೆಲೆ ಕೊಟ್ಟಿತು. 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗಂಡಸರಿಗಿಂತ ಹೆಂಗಸರು ಹದಿನೇಳು ಲಕ್ಷಕ್ಕೂ ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು ‘ಹೆಚ್ಚುವರಿ ಹೆಂಗಸರು’ ಎಂದು ಕರೆದವು. ಬದುಕಿರುವ ಮನುಷ್ಯರಿಗೆ ಅನ್ನಬಾರದ ಮಾತು ಅದು. ಹೀಗೆ ಲೆಕ್ಕದಿಂದ ಹೊರಗಿಟ್ಟ ಹೆಂಗಸರೊಳಗಿಂದಲೇ ಇಂಗ್ಲಿಷ್ ಪತ್ತೇದಾರಿ ಸಾಹಿತ್ಯದ ದೀರ್ಘಾಯುಷಿ ನಾಯಕಿಯರು ಎದ್ದು ಬಂದರು. ನಮ್ಮದೇ ಮಸೂರಿಯಲ್ಲಿ ಹುಟ್ಟಿ ಪ್ಯಾಟ್ರಿಷಿಯಾ ವೆಂಟ್‌ವರ್ತ್ ಎಂಬ ಹೆಸರಿನಲ್ಲಿ ಬರೆದ ಡೋರಾ ಏಮಿ ಎಲೀಸ್ 1928ರಲ್ಲಿ ಮಿಸ್ ಸಿಲ್ವರ್ ಎಂಬ ಪಾತ್ರವನ್ನು ತಂದರು. ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ನಿವೃತ್ತಳಾದ ಮಿಸ್ ಸಿಲ್ವರ್ ಫೀಸು ಪಡೆದು ಪ್ರಕರಣ ಬಿಡಿಸುತ್ತಾಳೆ. 1961ರವರೆಗೆ 32 ಕಾದಂಬರಿಗಳಲ್ಲಿ ಕಾಣಿಸಿಕೊಂಡಳು. 1929ರಲ್ಲಿ ಗ್ಲಾಡಿಸ್ ಮಿಚೆಲ್ ಆರಂಭಿಸಿದ ಮಿಸೆಸ್ ಬ್ರ್ಯಾಡ್ಲಿ ಮನೋವೈದ್ಯೆ. ಆಕೆಯ ಕಾದಂಬರಿಗಳು 66. ಕೊನೆಯವು ಅಚ್ಚಾದದ್ದು 1984ರಲ್ಲಿ, ಲೇಖಕಿ ತೀರಿಕೊಂಡ ಮೇಲೆ. ಇಷ್ಟು ಬರೆದ ಮಿಚೆಲ್ ಅವರ ಹೆಸರು ಇಂದು ಪತ್ತೇದಾರಿ ಸಾಹಿತ್ಯದ ಕಟ್ಟಾ ಓದುಗರ ನಡುವೆ ಮಾತ್ರ ಉಳಿದಿರುವುದು ಅನ್ಯಾಯ.

ಇವರೆಲ್ಲರಿಗಿಂತ ಹೆಚ್ಚು ಹೆಸರಾದವಳು ಮಿಸ್ ಜೇನ್ ಮಾರ್ಪಲ್. ಅಗಾಥಾ ಕ್ರಿಸ್ಟಿ ಅವರ ಈ ಪಾತ್ರ ಮೊದಲು ಕಾಣಿಸಿದ್ದು 1927ರ ಡಿಸೆಂಬರಿನಲ್ಲಿ, ‘ದಿ ರಾಯಲ್ ಮ್ಯಾಗಜೀನ್’ನ ‘ದಿ ಟ್ಯೂಸ್‌ಡೇ ನೈಟ್ ಕ್ಲಬ್’ ಎಂಬ ಸಣ್ಣಕಥೆಯಲ್ಲಿ. ಮೊದಲ ಕಾದಂಬರಿ 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’. ಒಟ್ಟು 12 ಕಾದಂಬರಿ, 20 ಸಣ್ಣಕಥೆ. ಕ್ರಿಸ್ಟಿ ಈ ಪಾತ್ರದ ಬೀಜವನ್ನು ಎರಡು ಕಡೆ ಗುರುತಿಸಿದ್ದಾರೆ. ಒಂದು, 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯ ಕ್ಯಾರೊಲಿನ್ ಶೆಪರ್ಡ್. ಮನೆಯ ಹೊಸ್ತಿಲು ದಾಟದೆ ಊರಿನ ಸುದ್ದಿಯನ್ನೆಲ್ಲ ಕಲೆಹಾಕುವ ವೈದ್ಯರ ಅಕ್ಕ. ಇನ್ನೊಂದು, ಕ್ರಿಸ್ಟಿಯವರ ಅಜ್ಜಿ ಮತ್ತು ಅಜ್ಜಿಯ ಗೆಳತಿಯರು. ಯಾರ ಬಗ್ಗೆಯಾದರೂ ಕೆಟ್ಟದ್ದನ್ನೇ ಊಹಿಸುವುದು, ಆ ಊಹೆ ಸಾಮಾನ್ಯವಾಗಿ ನಿಜವೇ ಆಗುವುದು ಆ ಅಜ್ಜಿಯ ರೀತಿಯಂತೆ.

ಮಿಸ್ ಮಾರ್ಪಲ್ ಬಳಿ ಪ್ರಯೋಗಾಲಯವಿಲ್ಲ, ಪಿಸ್ತೂಲಿಲ್ಲ, ಪರವಾನಗಿಯಿಲ್ಲ. ಉಣ್ಣೆ ಹೆಣೆಯುತ್ತ, ತೋಟದಲ್ಲಿ ಕಳೆ ಕೀಳುತ್ತ, ಹಕ್ಕಿ ನೋಡುವ ದುರ್ಬೀನನ್ನು ಕೈಗೆಟಕುವಂತೆ ಇಟ್ಟುಕೊಂಡು ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯಲ್ಲಿ ಕಾಲ ಕಳೆಯುವ ಮುದುಕಿ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕೂತು ಬೀದಿಯಲ್ಲಿ ಯಾರು ಎಲ್ಲಿಗೆ, ಏಕೆ ಹೊರಟರೆಂದು ಹೇಳಬಲ್ಲ ಅಜ್ಜಿಯರನ್ನು ಕಂಡ ಕನ್ನಡ ಓದುಗರಿಗೆ ಈಕೆ ಅಪರಿಚಿತಳಲ್ಲ. ಆಕೆಯ ವಿಧಾನ ಹೋಲಿಕೆಯದು. ಕೊಲೆಗಾರನ ವರ್ತನೆ ಹಿಂದೆಂದೋ ಹಳ್ಳಿಯ ಮೀನಿನಂಗಡಿಯ ಹುಡುಗನೋ ಮನೆಗೆಲಸದವಳೋ ಮಾಡಿದ ಸಣ್ಣ ಮೋಸವೊಂದನ್ನು ನೆನಪಿಗೆ ತರುತ್ತದೆ; ಮನುಷ್ಯಸ್ವಭಾವ ಎಲ್ಲ ಕಡೆಯೂ ಒಂದೇ ಎಂಬ ನಂಬಿಕೆಯಿಂದ ಆಕೆ ಅಲ್ಲಿಂದ ಇಲ್ಲಿಗೆ ದಾರಿ ಹಿಡಿಯುತ್ತಾಳೆ. ಪೊಲೀಸರು ಹರಟೆಯೆಂದು ತಳ್ಳಿಹಾಕುವುದು ಆಕೆಯ ಕಡತ.

ಇದು ಹೇಗೆ ನಡೆಯುತ್ತದೆಂಬುದನ್ನು 1942ರ ‘ದಿ ಬಾಡಿ ಇನ್ ದಿ ಲೈಬ್ರರಿ’ಯಲ್ಲಿ ಹತ್ತಿರದಿಂದ ನೋಡಬಹುದು. ಕರ್ನಲ್ ಬ್ಯಾಂಟ್ರಿಯ ಮನೆಯ ಪುಸ್ತಕದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಅಪರಿಚಿತ ಹುಡುಗಿಯೊಬ್ಬಳ ಹೆಣ ಬಿದ್ದಿದೆ. ಮೈಮೇಲೆ ಪಾರ್ಟಿಯ ಉಡುಪು, ಮುಖಕ್ಕೆ ದಟ್ಟ ಬಣ್ಣ. ಪೊಲೀಸರು ಬಂದು ಹೋಗುವವರ ಲೆಕ್ಕ, ಗಡಿಯಾರದ ಲೆಕ್ಕ ಹಿಡಿಯುತ್ತಾರೆ. ಮಿಸ್ ಮಾರ್ಪಲ್ ಕಣ್ಣು ಎರಡು ಕಡೆ ನಿಲ್ಲುತ್ತದೆ. ಹುಡುಗಿ ಉಗುರು ಕಚ್ಚುವ ಚಾಳಿಯವಳು. ಮತ್ತು ಆ ಉಡುಪು ಹಳೆಯದು. ಯಾರನ್ನೋ ಮೆಚ್ಚಿಸಲು ಹೊರಟ ಹುಡುಗಿ ಪೆಟ್ಟಿಗೆಯಲ್ಲಿರುವ ಒಳ್ಳೆಯ ಉಡುಪು ಬಿಟ್ಟು ಹಳೆಯದನ್ನು ತೊಡುವಳೇ? ಹರೆಯದ ಹುಡುಗಿಯರನ್ನು ಮನೆಗೆಲಸಕ್ಕೆ ಇಟ್ಟುಕೊಂಡು ಕಲಿಸಿ ಕಳಿಸಿದ ಹೆಂಗಸಿಗೆ ಹೊಳೆಯುವ ಪ್ರಶ್ನೆ ಇದು. ಅಲ್ಲಿದ್ದ ಯಾವ ಅಧಿಕಾರಿಗೂ ಹೊಳೆಯಲಿಲ್ಲ. ಉತ್ತರ ಇಲ್ಲಿ ಹೇಳುವುದು ಓದುವವರಿಗೆ ಅನ್ಯಾಯವಾದೀತು. ಕಾದಂಬರಿಯ ಗಂಟು ಬಿಚ್ಚುವುದು ಆ ಉಗುರಿನಿಂದ ಎಂದರೆ ಸಾಕು.

ಮಾರ್ಪಲ್ ಸರಣಿಗೆ ಇನ್ನೊಂದು ಬೆಲೆಯೂ ಇದೆ. ನಾಲ್ಕು ದಶಕಗಳಲ್ಲಿ ಇಂಗ್ಲಿಷ್ ಹಳ್ಳಿ ಹೇಗೆ ಬದಲಾಯಿತೆಂಬ ದಾಖಲೆ ಅದು. 1930ರ ಹಳ್ಳಿಯಲ್ಲಿ ಪಾದ್ರಿ, ಕರ್ನಲ್, ವೈದ್ಯ, ಮನೆಗೆಲಸದವರು ತಂತಮ್ಮ ಜಾಗದಲ್ಲಿದ್ದಾರೆ. ಹೊಸಬರು ಬಂದರೆ ಪರಿಚಯದ ಪತ್ರದೊಂದಿಗೆ ಬರುತ್ತಾರೆ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಹೊತ್ತಿಗೆ ಎರಡನೆಯ ಮಹಾಯುದ್ಧ ಎಲ್ಲವನ್ನೂ ಕಲಸಿಹಾಕಿದೆ. ಹಳ್ಳಿಗೆ ಎಲ್ಲೆಲ್ಲಿಂದಲೋ ಬಂದವರು ತಾವು ಇಂಥವರೆಂದು ಹೇಳಿಕೊಳ್ಳುತ್ತಾರೆ. ಅದನ್ನು ನಂಬುವುದಕ್ಕೆ ಫೋಟೊ ಇಲ್ಲದ ಗುರುತಿನ ಚೀಟಿ ಮತ್ತು ರೇಷನ್ ಪುಸ್ತಕ ಬಿಟ್ಟರೆ ಬೇರೆ ಆಧಾರವಿಲ್ಲ. ಪಕ್ಕದ ಮನೆಯವರು ನಿಜಕ್ಕೂ ಯಾರು ಎಂಬ ಯುದ್ಧೋತ್ತರ ಕಾಲದ ಅಳುಕೇ ಆ ಕಾದಂಬರಿಯ ಕಥಾವಸ್ತು. ಕ್ರಿಸ್ಟಿ ಬರೆದದ್ದರಲ್ಲಿ ಅತ್ಯುತ್ತಮವಾದವುಗಳ ಸಾಲಿಗೆ ಅದು ಸೇರುತ್ತದೆ. 1962ರ ‘ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ನಲ್ಲಿ ಹಳ್ಳಿಯಂಚಿನ ಗದ್ದೆಗಳಲ್ಲಿ ಹೊಸ ಬಡಾವಣೆ ಎದ್ದಿದೆ, ಸೂಪರ್ ಮಾರ್ಕೆಟ್ ಬಂದಿದೆ. ಕಾಳಜಿಯ ಹೆಸರಿನಲ್ಲಿ ಉಸಿರುಗಟ್ಟಿಸುವ ಸಂಗಾತಿ ಹೆಂಗಸಿನ ಕಣ್ಣು ತಪ್ಪಿಸಿ ಮಿಸ್ ಮಾರ್ಪಲ್ ಒಬ್ಬಳೇ ಆ ಬಡಾವಣೆ ನೋಡಲು ಹೊರಟು, ಅಲ್ಲಿ ಎಡವಿ ಬೀಳುತ್ತಾಳೆ. ಮುಪ್ಪಿನ ಸಣ್ಣ ಸಣ್ಣ ಅವಮಾನಗಳನ್ನು ಇಷ್ಟು ಸಹಜವಾಗಿ ತೋರಿಸಿದ ಪತ್ತೇದಾರಿ ಕಾದಂಬರಿಗಳು ವಿರಳ.

ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ ಬಂದ ವರ್ಷವೇ ಅಮೆರಿಕದಲ್ಲಿ ಹುಡುಗಿಯರಿಗೆ ತಮ್ಮದೇ ಪತ್ತೇದಾರಿಣಿ ಸಿಕ್ಕಳು. 1930ರ ಏಪ್ರಿಲಿನಲ್ಲಿ ನ್ಯಾನ್ಸಿ ಡ್ರೂ ಪುಸ್ತಕಗಳು ಮೂರು ಒಟ್ಟಿಗೆ ಹೊರಬಂದವು. ಲೇಖಕಿಯ ಹೆಸರು ಕ್ಯಾರೊಲಿನ್ ಕೀನ್. ಅಂಥ ವ್ಯಕ್ತಿ ಇರಲೇ ಇಲ್ಲ. ಎಡ್ವರ್ಡ್ ಸ್ಟ್ರಾಟೆಮೇಯರ್ ಕಥೆಯ ಹಂದರ ಹಾಕಿಕೊಟ್ಟರು, ಮಿಲ್ಡ್ರೆಡ್ ವರ್ಟ್ ಎಂಬ ಪತ್ರಕರ್ತೆ ಬರೆದರು. ಪುಸ್ತಕಕ್ಕೆ 125 ಡಾಲರ್ ಒಮ್ಮೆ ಕೊಟ್ಟರೆ ಮುಗಿಯಿತು; ಮುಂದಿನ ಗಳಿಕೆಯಲ್ಲಿ ಪಾಲಿಲ್ಲ, ಹೆಸರು ಹೇಳಿಕೊಳ್ಳುವಂತಿಲ್ಲ. ಮೊದಲ ಮೂವತ್ತರಲ್ಲಿ 23 ಅವರ ಬರಹ. 1980ರಲ್ಲಿ ಪ್ರಕಾಶಕರ ನಡುವಿನ ವ್ಯಾಜ್ಯವೊಂದರಲ್ಲಿ ಅವರು ಸಾಕ್ಷಿ ನುಡಿದ ಮೇಲೆಯೇ ಲೋಕಕ್ಕೆ ಇದು ತಿಳಿದದ್ದು. ತಾಯಿಯಿಲ್ಲದ ನ್ಯಾನ್ಸಿ ವಕೀಲ ತಂದೆಯ ನಂಬಿಕೆಗೆ ಪಾತ್ರಳು. ಸ್ವಂತ ಕಾರಿನಲ್ಲಿ ಎಲ್ಲಿಗೆ ಬೇಕಾದರೂ ಹೋಗುವವಳು, ಯಾರ ಅಪ್ಪಣೆಗೂ ಕಾಯದವಳು. 1959ರಿಂದ ಹಳೆಯ ಪುಸ್ತಕಗಳನ್ನು ತಿದ್ದಿ ಬರೆಯಲಾಯಿತು. ಜನಾಂಗೀಯ ಹೀಯಾಳಿಕೆಗಳು ಹೋದವು, ಅದು ಒಳ್ಳೆಯದೇ. ಅವುಗಳ ಜತೆಗೆ ನ್ಯಾನ್ಸಿಯ ಗಡಸುತನವೂ ಅಷ್ಟಿಷ್ಟು ಹೋಯಿತು.

ಪಿ. ಡಿ. ಜೇಮ್ಸ್ 1972ರಲ್ಲಿ ಕಾರ್ಡೀಲಿಯಾ ಗ್ರೇ ಎಂಬ ತರುಣಿಯನ್ನು ನಾಯಕಿಯಾಗಿಸಿ ಬರೆದ ಕಾದಂಬರಿಗೆ ‘ಆ್ಯನ್ ಅನ್‌ಸೂಟಬಲ್ ಜಾಬ್ ಫಾರ್ ಎ ವುಮನ್’ ಎಂದು ಹೆಸರಿಟ್ಟರು. ಹೆಂಗಸಿಗೆ ತಕ್ಕದ್ದಲ್ಲದ ಕೆಲಸ ಎಂದು ಜನ ಆಡುತ್ತಿದ್ದ ಮಾತೇ ತಲೆಬರಹವಾಯಿತು. ಐದು ವರ್ಷ ಕಳೆದು ಮಾರ್ಷಾ ಮುಲ್ಲರ್ ಸ್ಯಾನ್ ಫ್ರಾನ್ಸಿಸ್ಕೊದ ಶ್ಯಾರನ್ ಮೆಕೋನ್ ಸರಣಿ ಆರಂಭಿಸಿದರು. 1982ರಲ್ಲಿ ಎರಡು ಸರಣಿಗಳು ಒಟ್ಟೊಟ್ಟಿಗೆ ಹುಟ್ಟಿದವು: ಸಾರಾ ಪರೆಟ್ಸ್ಕಿ ಅವರ ಷಿಕಾಗೊದ ವಿ. ಐ. ವರ್ಷಾವ್ಸ್ಕಿ, ಸೂ ಗ್ರಾಫ್ಟನ್ ಅವರ ಕಿನ್ಸಿ ಮಿಲ್‌ಹೋನ್. ಮೂವರೂ ಪರವಾನಗಿ ಪಡೆದ ಖಾಸಗಿ ಪತ್ತೇದಾರಿಣಿಯರು, ಬಾಡಿಗೆ ಕಟ್ಟಲು ದುಡಿಯುವವರು. ಪರೆಟ್ಸ್ಕಿ ವಿಮಾ ಕಂಪನಿಯಲ್ಲಿ ಕೆಲಸ ಮಾಡಿದವರು. ಅವರ ಕಾದಂಬರಿಗಳಲ್ಲಿ ಅಪರಾಧದ ಬೇರು ಹೆಚ್ಚಾಗಿ ದೊಡ್ಡ ಕಂಪನಿಗಳ ಲೆಕ್ಕಪತ್ರದಲ್ಲಿರುತ್ತದೆ. ಪತ್ರಿಕೆಗಳು ಲೇಖಕಿಯರ ಪತ್ತೇದಾರಿ ಕಾದಂಬರಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದೇ ಕಡಿಮೆ ಎಂದು ಕಂಡ ಅವರು 1986ರಲ್ಲಿ ಇತರರೊಡನೆ ಸೇರಿ ‘ಸಿಸ್ಟರ್ಸ್ ಇನ್ ಕ್ರೈಮ್’ ಎಂಬ ಲೇಖಕಿಯರ ಸಂಘ ಕಟ್ಟಿದರು.

ಗ್ರಾಫ್ಟನ್ ಸರಣಿಯ ಹುಟ್ಟು ಕಹಿಯದು. ವಿಚ್ಛೇದನದ ನಂತರ ಮಕ್ಕಳು ಯಾರ ಬಳಿ ಇರಬೇಕೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆದಾಗ, ರಾತ್ರಿ ನಿದ್ದೆ ಬಾರದೆ ಮಾಜಿ ಗಂಡನನ್ನು ಕೊಲ್ಲುವ ಉಪಾಯಗಳನ್ನು ಮನಸ್ಸಿನಲ್ಲೇ ಹೆಣೆಯುತ್ತಿದ್ದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಉಪಾಯಗಳಲ್ಲಿ ಒಂದು ಕಾಗದಕ್ಕಿಳಿಯಿತು. ಮೊದಲ ಕಾದಂಬರಿ ‘ಎ ಈಸ್ ಫಾರ್ ಅಲಿಬೈ’ಯಲ್ಲಿ ವಕೀಲನೊಬ್ಬ ಸಾಯುವುದು ಅಲರ್ಜಿಯ ಮಾತ್ರೆಯೊಳಗೆ ತುಂಬಿಟ್ಟ ಕಣಗಿಲೆಯ ಪುಡಿಯಿಂದ. ನಮ್ಮ ಹಿತ್ತಿಲುಗಳಲ್ಲಿ ಪೂಜೆಗೆ ಹೂ ಕೊಡುವ, ಮಕ್ಕಳು ಬಾಯಿಗಿಡದಂತೆ ಹಿರಿಯರು ಗದರಿಸುವ ಗಿಡವೇ ಅದು. ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಸಾವು ಹೇಳುವ ಎಡ್ವರ್ಡ್ ಗೋರಿ ಅವರ ಚಿತ್ರಪುಸ್ತಕ ನೋಡಿ ‘ಎ’ಯಿಂದ ‘ಜೆಡ್’ವರೆಗೆ ಬರೆಯುವ ಯೋಚನೆ ಬಂತು. ಇಪ್ಪತ್ತಾರು ಕಾದಂಬರಿಗಳ ಹರಕೆ ಅದು.

ಕಿನ್ಸಿಯ ಬದುಕನ್ನು ಓದುಗರು ಮನೆಯವಳ ಬದುಕಿನಷ್ಟೇ ಬಲ್ಲರು. ಐದನೆಯ ವಯಸ್ಸಿಗೆ ತಂದೆ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಕೈಯಲ್ಲಿ ಬೆಳೆದವಳು, ಎರಡು ಸಲ ಮದುವೆಯಾಗಿ ಎರಡು ಸಲ ಬಿಟ್ಟವಳು, ಪೊಲೀಸ್ ಕೆಲಸ ಸಾಕೆಂದು ಹೊರಬಂದವಳು. ಕಾರ್ ಶೆಡ್ಡನ್ನು ಮನೆಯಾಗಿ ಮಾಡಿದ ಒಂದೇ ಕೋಣೆಯಲ್ಲಿ ವಾಸ. ಮನೆ ಮಾಲೀಕ ಹೆನ್ರಿ ಎಂಬತ್ತು ದಾಟಿದ ನಿವೃತ್ತ ಬೇಕರಿಯವ. ಹಳೆಯ ಫೋಕ್ಸ್‌ವಾಗನ್ ಕಾರು, ಎಲ್ಲ ಸಮಾರಂಭಕ್ಕೂ ಒಂದೇ ಕಪ್ಪು ಉಡುಪು, ಉಗುರು ಕತ್ತರಿಯಿಂದ ತಾನೇ ಕತ್ತರಿಸಿಕೊಳ್ಳುವ ಕೂದಲು, ಕಡಲೆಕಾಯಿ ಬೆಣ್ಣೆ ಮತ್ತು ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಸ್ಯಾಂಡ್‌ವಿಚ್. ಒಂದೊಂದು ಸಂಗತಿಯನ್ನೂ ಒಂದೊಂದು ಇಂಡೆಕ್ಸ್ ಕಾರ್ಡಿನಲ್ಲಿ ಬರೆದು, ಕಾರ್ಡುಗಳನ್ನು ಇಸ್ಪೀಟಿನಂತೆ ಕಲಸಿ ಮತ್ತೆ ಜೋಡಿಸಿ, ಯಾವುದು ಯಾವುದರ ಪಕ್ಕ ಕೂರುತ್ತದೆಂದು ನೋಡುವುದು ಆಕೆಯ ಪದ್ಧತಿ. ಕೆಲಸದ ಬಹುಪಾಲು ಬೇಸರ ತರಿಸುವಂಥದ್ದು: ನೋಂದಣಿ ಕಚೇರಿಯ ಕಡತ, ಗ್ರಂಥಾಲಯದ ಹಳೆಯ ಟೆಲಿಫೋನ್ ಡೈರೆಕ್ಟರಿ, ಮನೆಯೆದುರು ಕಾರಿನಲ್ಲಿ ಗಂಟೆಗಟ್ಟಲೆ ಕಾಯುವುದು. ಗ್ರಾಫ್ಟನ್ ಆ ಬೇಸರವನ್ನು ಬಿಡದೆ ಬರೆದರು, ಓದುಗರು ಬಿಡದೆ ಓದಿದರು. ಸರಣಿಯ ಶಕ್ತಿ ಇರುವುದೇ ಇಲ್ಲಿ. ಕೊಲೆಗಾರ ಯಾರೆಂಬುದು ಪುಸ್ತಕ ಮುಚ್ಚಿದ ತಿಂಗಳಿಗೆ ಮರೆತುಹೋಗುತ್ತದೆ. ಕಿನ್ಸಿಯ ಕೋಣೆ ಮರೆಯುವುದಿಲ್ಲ.

ಸರಣಿ ಉದ್ದವಾದಷ್ಟೂ ನಾಯಕಿಯ ವಯಸ್ಸಿನ ಲೆಕ್ಕ ತೊಡಕಾಗುತ್ತದೆ. ಲೇಖಕಿಯರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ನ್ಯಾನ್ಸಿಗೆ ಮೊದಲು ಹದಿನಾರು, ಆಮೇಲೆ ತಿದ್ದಿದ ಆವೃತ್ತಿಗಳಲ್ಲಿ ಹದಿನೆಂಟು, ಅದಕ್ಕಿಂತ ಮುಂದೆ ಹೋಗಲೇ ಇಲ್ಲ. ಮಿಸ್ ಮಾರ್ಪಲ್ ಹುಟ್ಟುವಾಗಲೇ ಅರವತ್ತೈದು ಎಪ್ಪತ್ತರವಳು. ಇಷ್ಟು ಕಾಲ ಬಾಳುತ್ತಾಳೆಂದು ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂಬರ್ಥದಲ್ಲಿ ಕ್ರಿಸ್ಟಿ ಆತ್ಮಕಥೆಯಲ್ಲಿ ಕೊರಗಿದ್ದಾರೆ. ವರ್ಷಾವ್ಸ್ಕಿಗೆ ಹೆಚ್ಚುಕಡಿಮೆ ಓದುಗರ ಜತೆಗೇ ವಯಸ್ಸಾಗುತ್ತದೆ. ಗ್ರಾಫ್ಟನ್ ಹಿಡಿದದ್ದು ಎಲ್ಲಕ್ಕಿಂತ ಕಷ್ಟದ ದಾರಿ. ಲೇಖಕಿಗೆ 35 ವರ್ಷ ಕಳೆದರೆ ನಾಯಕಿಗೆ ಕಳೆದದ್ದು ಏಳೇ. 1982ರಲ್ಲಿ 32 ವರ್ಷದವಳಾಗಿದ್ದ ಕಿನ್ಸಿ 2017ರಲ್ಲಿ ಪ್ರಕಟವಾದ ‘ವೈ ಈಸ್ ಫಾರ್ ಯೆಸ್ಟರ್ಡೇ’ಯಲ್ಲಿ 1989ರಲ್ಲಿದ್ದಾಳೆ, ಮೊಬೈಲ್ ಇಲ್ಲ, ಇಂಟರ್ನೆಟ್ ಇಲ್ಲ, ಟೈಪ್‌ರೈಟರ್ ಇದೆ. ಸಮಕಾಲೀನ ಕಥೆಯಾಗಿ ಹೊರಟದ್ದು ಲೇಖಕಿಯ ಕಣ್ಣೆದುರೇ ಐತಿಹಾಸಿಕ ಕಥೆಯಾಯಿತು. 2017ರ ಡಿಸೆಂಬರ್ 28ರಂದು ಗ್ರಾಫ್ಟನ್ ತೀರಿಕೊಂಡರು. ‘ಜೆಡ್’ ಬರೆಯಲು ಉಳಿದಿತ್ತು. ಬೇರೆಯವರ ಕೈಯಲ್ಲಿ ಬರೆಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಕುಟುಂಬ ಆ ಮಾತನ್ನು ಉಳಿಸಿಕೊಂಡಿತು. ಹಾಗಾಗಿ ಆ ವರ್ಣಮಾಲೆ ‘ವೈ’ಗೆ ಮುಗಿದಿದೆ.

ಟೆಲಿವಿಷನ್ ಈ ನಾಯಕಿಯರನ್ನು ಓದದವರ ಮನೆಗೂ ಕರೆದೊಯ್ದಿತು. ಏಂಜೆಲಾ ಲ್ಯಾನ್ಸ್‌ಬರಿ ನಟಿಸಿದ ‘ಮರ್ಡರ್, ಶಿ ರೋಟ್’ 1984ರಿಂದ 1996ರವರೆಗೆ 264 ಕಂತುಗಳಲ್ಲಿ ನಡೆಯಿತು. ನಾಯಕಿ ಜೆಸ್ಸಿಕಾ ಫ್ಲೆಚರ್ ನಿವೃತ್ತ ಶಿಕ್ಷಕಿ, ವಿಧವೆ, ಪತ್ತೇದಾರಿ ಕಾದಂಬರಿಗಾರ್ತಿ. ಅದೇ 1984ರಲ್ಲಿ ಬಿಬಿಸಿ ಜೋನ್ ಹಿಕ್ಸನ್ ಅವರನ್ನು ಮಿಸ್ ಮಾರ್ಪಲ್ ಆಗಿ ತೋರಿಸತೊಡಗಿ 1992ರೊಳಗೆ ಹನ್ನೆರಡೂ ಕಾದಂಬರಿಗಳನ್ನು ಮುಗಿಸಿತು. ಎಷ್ಟೋ ವರ್ಷ ಹಿಂದೆ ಹಿಕ್ಸನ್ ಅವರನ್ನು ರಂಗದ ಮೇಲೆ ನೋಡಿದ್ದ ಕ್ರಿಸ್ಟಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕೆಂಬ ಆಸೆ ತಿಳಿಸಿ ಪತ್ರ ಬರೆದಿದ್ದರು.

1998ರಲ್ಲಿ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಈ ಪರಂಪರೆಯನ್ನು ಆಫ್ರಿಕಾದ ಬೋಟ್ಸ್ವಾನಾಕ್ಕೆ ಒಯ್ದರು. ಅವರ ನಾಯಕಿ ಪ್ರೆಷಸ್ ರಾಮೋಟ್ಸ್ವೆ ತಂದೆ ಬಿಟ್ಟುಹೋದ ದನಗಳನ್ನು ಮಾರಿ ರಾಜಧಾನಿ ಗಾಬೊರೋನೆಯಲ್ಲಿ ದೇಶದ ಮೊದಲ ಮಹಿಳಾ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಇಪ್ಪತ್ತು ದಾಟಿದ ಈ ಪುಸ್ತಕಗಳಲ್ಲಿ ಕೊಲೆ ಅಪರೂಪ. ಕಾಣೆಯಾದ ಗಂಡ, ಸುಳ್ಳು ಹೇಳುವ ಮಗಳು, ವಂಚಕ ಗಿರಾಕಿ, ಇವೇ ಪ್ರಕರಣಗಳು.

ಭಾರತದಲ್ಲಿ ಬಂಗಾಳಿ ಲೇಖಕಿ ಪ್ರಭಾವತಿ ದೇವಿ ಸರಸ್ವತಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲೇ ಕೃಷ್ಣಾ ಎಂಬ ತರುಣಿಯ ಪತ್ತೇದಾರಿ ಸರಣಿ ಬರೆದಿದ್ದರು. ಕನ್ನಡಕ್ಕೆ ಪತ್ತೇದಾರಿ ಸರಣಿಯ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯ, ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳು ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಓಡಾಡಿದವು. ಇತ್ತೀಚೆಗೆ ಇಂಗ್ಲಿಷಿನಲ್ಲಿ ಹುಟ್ಟಿದ ಎರಡು ಭಾರತೀಯ ಸರಣಿಗಳು 1921ನೇ ಇಸವಿಯಿಂದಲೇ ಹೊರಡುತ್ತವೆ. ಸುಜಾತಾ ಮ್ಯಾಸಿ 2018ರಲ್ಲಿ ಆರಂಭಿಸಿದ ಸರಣಿಯ ಪರ್ವೀನ್ ಮಿಸ್ತ್ರಿ ಮುಂಬಯಿಯ ಪಾರ್ಸಿ ವಕೀಲೆ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಕೊರ್ನೇಲಿಯಾ ಸೊರಾಬ್ಜಿ ಅವರ ಬದುಕು ಈ ಪಾತ್ರಕ್ಕೆ ಪ್ರೇರಣೆ. ಪರದೆಯೊಳಗಿನ ವಿಧವೆಯರನ್ನು ಯಾವ ಗಂಡು ಪೊಲೀಸನೂ ಮಾತನಾಡಿಸುವಂತಿಲ್ಲ. ಪರ್ವೀನ್ ಒಳಗೆ ಹೋಗಬಲ್ಲಳು. ಕೇಟ್ ವಾರ್ನ್ ಷಿಕಾಗೊದಲ್ಲಿ ಹೇಳಿದ ಬಾಗಿಲು ಇಲ್ಲಿ ಮಲಬಾರ್ ಹಿಲ್ಲಿನ ಮನೆಯಲ್ಲಿದೆ.

ಎರಡನೆಯದು ಬೆಂಗಳೂರಿನದು. ನಗರದ ಕೆರೆ, ಮರಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2022ರಲ್ಲಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಪ್ರಕಟಿಸಿದರು. ನಾಯಕಿ ಹತ್ತೊಂಬತ್ತರ ಕಾವೇರಿ. ಗಣಿತವೆಂದರೆ ಪ್ರಾಣ, ಸೀರೆಯುಟ್ಟೇ ಈಜುತ್ತಾಳೆ. ಗಂಡ ರಾಮು ಬೌರಿಂಗ್ ಆಸ್ಪತ್ರೆಯ ವೈದ್ಯ. ಮೊದಲ ಕೊಲೆ ನಡೆಯುವುದು ಸೆಂಚುರಿ ಕ್ಲಬ್ಬಿನ ಔತಣದಲ್ಲಿ. ಲೇಡಿ ಮಾಲಿಯ ಕೆಲಸ ಗಂಡ ಮನೆಗೆ ಬಂದಾಗ ಮುಗಿಯಿತು. ಕಾವೇರಿಯ ಕೆಲಸ ಗಂಡನ ಮನೆಗೆ ಬಂದ ಮೇಲೆ, ಅವನ ಒಡನಾಟದಲ್ಲೇ ಆರಂಭವಾಗುತ್ತದೆ. ಪಕ್ಕದ ಮನೆಯ ಉಮಾ ಆಂಟಿಯ ಅಡುಗೆಮನೆಯೂ ತನಿಖೆಯ ಜಾಗವೇ.

ಇಂಥ ಸರಣಿಗಳನ್ನು ಸಿಕ್ಕಿದ ಪುಸ್ತಕದಿಂದ ಹಿಡಿಯದೆ ಮೊದಲಿನಿಂದ ಓದುವುದು ಒಳ್ಳೆಯದು. ಕಿನ್ಸಿಯನ್ನು ‘ಎ’ಯಿಂದ, ಕಾವೇರಿಯನ್ನು ಸೆಂಚುರಿ ಕ್ಲಬ್ಬಿನಿಂದ, ಮಿಸ್ ಮಾರ್ಪಲ್‌ಳನ್ನು 1930ರ ಕಾದಂಬರಿಯಿಂದ. ಒಂದು ಎಚ್ಚರಿಕೆ ಮಾತ್ರ ಬೇಕು. ‘ಸ್ಲೀಪಿಂಗ್ ಮರ್ಡರ್’ ಪ್ರಕಟವಾದದ್ದು ಕ್ರಿಸ್ಟಿ ತೀರಿಕೊಂಡ 1976ರಲ್ಲೇ ಆದರೂ ಅದನ್ನು ಅವರು ಬರೆದು ತೆಗೆದಿಟ್ಟದ್ದು ಎಷ್ಟೋ ವರ್ಷ ಹಿಂದೆ. ಅದನ್ನು 1962ರ ಕಾದಂಬರಿಗಿಂತ ಮೊದಲು ಓದಬೇಕು. ‘ಸ್ಲೀಪಿಂಗ್ ಮರ್ಡರ್’ನಲ್ಲಿ ಕರ್ನಲ್ ಬ್ಯಾಂಟ್ರಿ ಇನ್ನೂ ಬದುಕಿದ್ದಾರೆ.